ಬಿದ್ದ ಮರಿಯ ಬಳಿ ಕೂತವರು

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹಕ್ಕಿಗಳಿಗೆಂದು ಬೇರೆ ಜಾಗವಿಲ್ಲ. ಹಿತ್ತಲ ಹುಣಸೆ, ಗುಡಿಯ ಪಕ್ಕದ ಅರಳಿ, ಬೀದಿ ತಿರುವಿನ ಬಸರಿ, ಇವೇ ಅವುಗಳ ತಾಣ. ಕೊಂಬೆಯ ಮೇಲೆ ಹೆಜ್ಜಾರ್ಲೆ ಮರಿಗೆ ಉಣಿಸುತ್ತಿರುತ್ತದೆ. ಅದರ ನೇರ ಕೆಳಗೆ ಯಾರೋ ಎಮ್ಮೆ ಕಟ್ಟಿರುತ್ತಾರೆ. ಹಿಕ್ಕೆ ಬಿದ್ದು ಸೂರು ಬೆಳ್ಳಗಾಗುತ್ತದೆ, ಮೀನಿನ ವಾಸನೆ ತಿಂಗಳುಗಟ್ಟಲೆ ಅಂಗಳ ಬಿಟ್ಟು ಕದಲುವುದಿಲ್ಲ. ಗೂಡು ತುಂಬಿದ ಮರದಲ್ಲಿ ಹುಣಸೆ ಫಸಲು ಕೈಗೆ ಸಿಗುವುದು ಅಷ್ಟಕ್ಕಷ್ಟೆ. ಅರಣ್ಯ ಇಲಾಖೆ ಆ ನಷ್ಟಕ್ಕೆ ಒಂದಿಷ್ಟು ಪರಿಹಾರ ಕೊಡುತ್ತ ಬಂದಿದೆ. ಆದರೆ ಪರಿಹಾರ ಎಂಬುದು ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ಹಕ್ಕಿಗಳು ಇಲ್ಲಿವೆ. ‘ಹೆರಿಗೆಗೆ ತವರಿಗೆ ಬಂದ ಹೆಣ್ಮಕ್ಳು ಇದ್ದಂಗೆ ಇವು’ ಎಂದು ಊರಿನ ಹೆಂಗಸರು ಹೇಳುತ್ತಾರೆ. ಬಾಣಂತನ ಮುಗಿಸಿ ಕಳಿಸುವವರೆಗೆ ನೋಡಿಕೊಳ್ಳುವುದು ತವರಿನ ಜವಾಬ್ದಾರಿ ಎಂಬ ಮಾತು ಅದರೊಳಗೇ ಇದೆ.

ಊರು ಮೊದಲು ಶಿಂಷಾ ನದಿಗೆ ಇನ್ನೂ ಹತ್ತಿರ ಇತ್ತಂತೆ. ಕಳೆದ ಶತಮಾನದ ಆರಂಭದಲ್ಲಿ ಪ್ಲೇಗ್ ಬಂದಾಗ ಜನ ಹಳೆಯ ಊರು ಬಿಟ್ಟು ಈಗಿನ ಜಾಗಕ್ಕೆ ಬಂದರು, ಹಕ್ಕಿಗಳೂ ಅವರ ಹಿಂದೆಯೇ ಬಂದವು ಎಂದು ಹಿರಿಯರು ನೆನೆಯುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ತಾಣವನ್ನು ಪಕ್ಷಿತಜ್ಞರ ಗಮನಕ್ಕೆ ತಂದರು. 1990ರ ದಶಕದಲ್ಲಿ ಮೈಸೂರಿನ ನಿಸರ್ಗಾಸಕ್ತರ ಒತ್ತಾಸೆಯಿಂದ ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು.

ನಾನು ಇಲ್ಲಿಗೆ ಹಕ್ಕಿ ನೋಡಲು ಬರುವವನು. ಬರುತ್ತ ಬರುತ್ತ ಮರದ ಕೆಳಗೆ ನಿಂತ ಮಕ್ಕಳನ್ನೂ ನೋಡುವ ರೂಢಿ ಬೆಳೆಯಿತು. ಕಷ್ಟದ ಕಾಲದಲ್ಲಿ ಮಕ್ಕಳಿಗೆ ಅನುಕಂಪ ಕಲಿಸುವುದು ಹೇಗೆ ಎಂದು ಮೇಷ್ಟ್ರುಗಳು, ತಂದೆತಾಯಿಗಳು ಕೇಳುತ್ತಿರುವ ಈ ಹೊತ್ತಿನಲ್ಲಿ, ಆ ಮರದ ಮೇಲೆ ಮತ್ತು ಕೆಳಗೆ ಕಂಡದ್ದನ್ನು ಬರೆದಿಡಬೇಕು ಅನ್ನಿಸಿತು.

ನವೆಂಬರ್

ಹೆಜ್ಜಾರ್ಲೆಗಳು ಬಂದಿವೆ. ಬಣ್ಣದ ಕೊಕ್ಕರೆಗಳು ಒಂದೊಂದೇ ಗುಂಪಾಗಿ ಸೇರಿಕೊಳ್ಳುತ್ತಿವೆ. ಹಳೆಯ ಗೂಡಿನ ಉಳಿಕೆಗಾಗಿ ಜಗಳ, ಕಡ್ಡಿಗಾಗಿ ಕಳ್ಳತನ. ಒಂದು ಹಕ್ಕಿ ಕಡ್ಡಿ ತರಲು ಹೋದರೆ ಜೋಡಿ ಗೂಡು ಕಾಯುತ್ತದೆ. ಎರಡೂ ಹೋದರೆ ಪಕ್ಕದವರು ಗೂಡನ್ನೇ ಬಿಚ್ಚಿ ಒಯ್ಯುತ್ತಾರೆ.

ಊರ ಹೊರಗಿನಿಂದ ಬಸ್ಸಿನಲ್ಲಿ ಶಾಲಾ ಮಕ್ಕಳು ಬಂದಿದ್ದರು. ಮೊದಲ ಹತ್ತು ನಿಮಿಷ ಅವರಿಗೆ ಕಂಡದ್ದು ‘ಹಕ್ಕಿಗಳು’. ಎಷ್ಟಿವೆ, ಎಲ್ಲಿಂದ ಬಂದವು, ಏನು ತಿನ್ನುತ್ತವೆ, ಈ ಪ್ರಶ್ನೆಗಳು ಮುಗಿದ ಕೂಡಲೇ ಮುಂದೇನು ಎಂದು ಕಣ್ಣು ಬೇರೆಡೆ ಹೊರಳಿತು. ಅವರ ಶಿಕ್ಷಕಿ ಜಾಣೆ. ‘ಒಬ್ಬೊಬ್ಬರು ಒಂದೊಂದು ಗೂಡು ಆರಿಸಿಕೊಳ್ಳಿ, ಅದನ್ನು ಬಿಟ್ಟು ಬೇರೆ ನೋಡಬೇಡಿ’ ಎಂದರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮಾತಿನ ಧಾಟಿ ಬದಲಾಯಿತು. ‘ನಮ್ಮದು ಇನ್ನೂ ವಾಪಸ್ ಬಂದಿಲ್ಲ ಮಿಸ್’, ‘ನಮ್ಮದರ ಕಡ್ಡಿ ಪಕ್ಕದ್ದು ಕದೀತು’. ‘ಹಕ್ಕಿಗಳು’ ಹೋಗಿ ‘ನಮ್ಮದು’ ಬಂದಿತ್ತು. ಹೊರಡುವಾಗ ಒಬ್ಬ ಹುಡುಗ ಹಿಂದೆ ಉಳಿದು ತನ್ನ ಗೂಡಿನ ಎರಡನೆಯ ಹಕ್ಕಿ ಬರುವವರೆಗೆ ಬಸ್ ನಿಲ್ಲಿಸಬಹುದೇ ಎಂದು ಕೇಳಿದ.

ಅನುಕಂಪಕ್ಕೆ ಮೊದಲು ಬೇಕಾದದ್ದು ಪರಿಚಯ. ಇದಕ್ಕೆ ಪ್ರಯೋಗಾಲಯದ ಆಧಾರವೂ ಇದೆ. 2011ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಇಕ್ಕಟ್ಟಾದ ಕೊಳವೆಯಲ್ಲಿ ಸಿಕ್ಕಿಬಿದ್ದ ಜೊತೆಗಾರ ಇಲಿಯನ್ನು ಹೊರಗಿನ ಇಲಿ ಬಾಗಿಲು ತೆರೆಯಲು ಕಲಿತು ಬಿಡಿಸುತ್ತಿತ್ತು. ಪಕ್ಕದಲ್ಲೇ ಚಾಕೊಲೇಟ್ ಇಟ್ಟರೂ ಜೊತೆಗಾರನನ್ನು ಮರೆಯುತ್ತಿರಲಿಲ್ಲ. 2014ರಲ್ಲಿ ಅದೇ ಸಾಲಿನ ಮತ್ತೊಂದು ಅಧ್ಯಯನ ಇನ್ನೂ ದೊಡ್ಡ ಮಾತು ಹೇಳಿತು. ಬಿಳಿ ಇಲಿಗಳು ಬೇರೆ ತಳಿಯ ಅಪರಿಚಿತ ಇಲಿಯನ್ನು ಬಿಡಿಸಲು ಹೋಗಲಿಲ್ಲ. ಆದರೆ ಆ ತಳಿಯ ಒಂದೇ ಒಂದು ಇಲಿಯೊಡನೆ ಕೆಲವು ದಿನ ಒಟ್ಟಿಗೆ ಬಾಳಿದ ಮೇಲೆ, ಆ ತಳಿಯ ಅಪರಿಚಿತರನ್ನೂ ಬಿಡಿಸಿದವು. ಹುಟ್ಟಿನಿಂದ ಬೇರೆ ತಳಿಯೊಡನೆ ಬೆಳೆದ ಇಲಿ, ತನ್ನ ತಳಿಯನ್ನು ಬಿಟ್ಟು ಒಡನಾಡಿದ ತಳಿಗೇ ನೆರವಾಯಿತು. ರಕ್ತಕ್ಕಿಂತ ಒಡನಾಟದ ಕೈ ಮೇಲಾಗಿತ್ತು.

ಜನವರಿ

ಹೆಜ್ಜಾರ್ಲೆ ಸಾಮಾನ್ಯವಾಗಿ ಮೂರೋ ನಾಲ್ಕೋ ಮೊಟ್ಟೆಯಿಡುತ್ತದೆ. ಸುಮಾರು ಒಂದು ತಿಂಗಳು ಕಾವು. ಮೊದಲ ಮೊಟ್ಟೆ ಇಟ್ಟಾಗಲೇ ಕಾವು ಆರಂಭವಾಗುವುದರಿಂದ ಮರಿಗಳು ಒಂದೇ ದಿನ ಹೊರಬರುವುದಿಲ್ಲ. ಮೊದಲು ಹುಟ್ಟಿದ್ದು ದೊಡ್ಡದು, ಕೊನೆಯದು ಚಿಕ್ಕದು. ತಾಯಿತಂದೆ ಕೆರೆಯಿಂದ ಬಂದಾಗ ಮರಿಗಳು ಅವರ ಗಂಟಲ ಚೀಲದೊಳಗೆ ತಲೆ ತೂರಿಸಿ ಉಣ್ಣುತ್ತವೆ. ದೊಡ್ಡದಕ್ಕೆ ಮೊದಲ ಪಾಲು. ಮದ್ದೂರು, ತೈಲೂರು, ಸೂಳೆಕೆರೆಗಳಲ್ಲಿ ನೀರಿದ್ದು ಮೀನು ಯಥೇಚ್ಛವಾಗಿದ್ದ ವರ್ಷ ಎಲ್ಲ ಮರಿಗಳೂ ಬದುಕುತ್ತವೆ. ಬರ ಬಂದ ವರ್ಷ ಚಿಕ್ಕ ಮರಿ ಹಸಿದು ಸಾಯುತ್ತದೆ, ಇಲ್ಲವೇ ತಳ್ಳಾಟದಲ್ಲಿ ಕೆಳಗೆ ಬೀಳುತ್ತದೆ.

ಮಕ್ಕಳು ಇದನ್ನು ಗುರುತಿಸದೆ ಇರುವುದಿಲ್ಲ. ‘ಅವ್ವಂಗೆ ದೊಡ್ಡದ್ರು ಮ್ಯಾಲೇ ಪ್ರೀತಿ’ ಎಂದು ಒಂದು ಮಗು ಸಿಟ್ಟಾಯಿತು. ನಾವು ದೊಡ್ಡವರು ಇಂಥ ಹೊತ್ತಿನಲ್ಲಿ ಅವಸರದ ಸಮಾಧಾನ ಹೇಳುತ್ತೇವೆ: ಹಾಗೇನಿಲ್ಲ, ಎಲ್ಲ ಮರಿಗಳೂ ಅವಳಿಗೆ ಒಂದೇ. ಅದು ನಿಜವಲ್ಲ, ಮಗು ಕಣ್ಣಾರೆ ಕಂಡದ್ದನ್ನು ಸುಳ್ಳು ಮಾಡುತ್ತದೆ. ಹಕ್ಕಿಯ ನಡತೆ ಬದುಕುಳಿಯುವ ಲೆಕ್ಕದ ಮೇಲೆ ನಿಂತಿದೆ. ಮೀನು ಕಡಿಮೆಯಾದಾಗ ಒಂದಾದರೂ ಮರಿ ಉಳಿಯಲಿ ಎಂಬ ಈ ಏರ್ಪಾಡು ತಲೆತಲಾಂತರದಿಂದ ಬಂದದ್ದು. ಅದನ್ನು ನೀತಿಪಾಠವಾಗಿ ತಿದ್ದಿ ಹೇಳಬೇಕಾಗಿಲ್ಲ. ಹಕ್ಕಿಯನ್ನು ನೋಡಿ ಕರುಣೆ ಕಲಿಯಿರಿ ಎನ್ನುವುದಕ್ಕಿಂತ, ಹಕ್ಕಿಯ ಎದುರು ನಿಂತಾಗ ನಮ್ಮೊಳಗೆ ಏನಾಗುತ್ತದೆ ನೋಡಿಕೊಳ್ಳಿ ಎನ್ನುವುದು ಪ್ರಾಮಾಣಿಕ. ಚಿಕ್ಕ ಮರಿಯ ಪರವಾಗಿ ಸಿಟ್ಟು ಬಂದಿತಲ್ಲ, ಆ ಸಿಟ್ಟು ಆ ಮಗುವಿನದೇ ಆಸ್ತಿ. ಅದನ್ನು ತಣ್ಣಗಾಗಿಸದೆ ಉಪಯೋಗಿಸಿಕೊಳ್ಳಬೇಕು. ನಿನ್ನ ತರಗತಿಯಲ್ಲಿ ಪಾಲು ಕೊನೆಗೆ ತಲುಪುವುದು ಯಾರಿಗೆ? ಈ ಒಂದು ಪ್ರಶ್ನೆ ಸಾಕು.

ಮಾರ್ಚ್

ಬಿಸಿಲು ಏರಿದೆ. ಹುಣಸೆಯ ತುದಿಯ ಗೂಡುಗಳಿಗೆ ನೆರಳೇ ಇಲ್ಲ. ಬಣ್ಣದ ಕೊಕ್ಕರೆಯೊಂದು ಗೂಡಿನ ಅಂಚಿನಲ್ಲಿ ರೆಕ್ಕೆಗಳನ್ನು ಅರ್ಧ ಬಿಚ್ಚಿ ನಿಂತಿದೆ. ರೆಕ್ಕೆಯ ಕೆಳಗೆ ಬಿಳಿ ತುಪ್ಪಳದ ಮರಿಗಳು. ಹತ್ತು ಗಂಟೆಗೆ ಒಂದು ಕಡೆ ಬೆನ್ನು ತಿರುಗಿಸಿದ್ದ ಹಕ್ಕಿ, ಹನ್ನೆರಡಕ್ಕೆ ಇನ್ನೊಂದು ಕಡೆ. ಸೂರ್ಯ ಸರಿದಂತೆ ಅದೂ ಸರಿಯುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೂ ಜಾಗ ಬಿಡುವುದಿಲ್ಲ. ಕೆರೆಯಿಂದ ಬಂದ ಜೋಡಿ ಕೊಕ್ಕಿನಲ್ಲಿ ತಂದ ನೀರನ್ನು ಮರಿಗಳ ಮೇಲೆ ಸುರಿಸಿತು.

ಪಕ್ಕದ ಮರದಲ್ಲಿ ಹೆಜ್ಜಾರ್ಲೆ ಮರಿಯ ಗಂಟಲ ಚೀಲ ಪಟಪಟನೆ ಅದುರುತ್ತಿತ್ತು. ‘ಅಳ್ತಾ ಅದೆ’ ಎಂದಳು ಊರಿನ ಹುಡುಗಿಯೊಬ್ಬಳು. ಅಳುವಲ್ಲ, ಮೈ ತಣಿಸಿಕೊಳ್ಳುವ ಬಗೆ ಅದು. ಚೀಲದ ತೆಳು ಚರ್ಮ ಅದುರಿದಾಗ ತೇವ ಆರಿ ಶಾಖ ಹೊರಹೋಗುತ್ತದೆ. ಅವಳಿಗೆ ಅದನ್ನು ಹೇಳಿದಾಗ ಸ್ವಲ್ಪ ಹೊತ್ತು ಯೋಚಿಸಿ, ‘ಹಂಗಾರೆ ಅದಕ್ಕೆ ಸೆಕೆ ಆಯ್ತಾ ಅದೆ’ ಎಂದಳು. ಈಗ ಅವಳ ಮಾತು ಹಕ್ಕಿಯ ಸ್ಥಿತಿಗೆ ಸರಿಯಾಗಿ ಹೊಂದಿತ್ತು. ಮೊದಲ ಮಾತಿನಲ್ಲಿ ಇದ್ದದ್ದು ಅವಳ ಮನಸ್ಸು; ಎರಡನೆಯದರಲ್ಲಿ ಹಕ್ಕಿಯ ಮೈ. ಮರುಕದಿಂದ ಅನುಕಂಪಕ್ಕೆ ಇರುವ ದೂರ ಇಷ್ಟೇ: ನನಗೆ ಏನು ಅನ್ನಿಸಿತು ಎಂಬುದರಿಂದ ಅದಕ್ಕೆ ಏನಾಗುತ್ತಿದೆ ಎಂಬಲ್ಲಿಗೆ. ಈ ದೂರವನ್ನು ಮಗು ತಾನಾಗಿ ನಡೆಯಬೇಕು, ನಡೆಯಲು ನಾವು ಪುರುಸೊತ್ತು ಕೊಡಬೇಕು.

ಏಪ್ರಿಲ್ ಕೊನೆ

ಭರಣಿ ಮಳೆಯ ಗಾಳಿ. ರಾತ್ರಿ ಕೊಂಬೆಗಳು ಹೊಯ್ದಾಡಿವೆ. ಬೆಳಿಗ್ಗೆ ಬೇಲಿಯ ಪಕ್ಕದಲ್ಲಿ ಕೊಕ್ಕರೆ ಮರಿಯೊಂದು ಬಿದ್ದಿತ್ತು, ರೆಕ್ಕೆಗರಿ ಅರ್ಧ ಬಂದಿದ್ದು, ಒಂದು ಕಾಲು ಊರಲಾಗದೆ. ಮೇಲೆ ಗೂಡಿನಲ್ಲಿ ತಾಯಿ ಇದೆ, ಕೆಳಗೆ ಮರಿ ಇದೆ. ಎರಡು ಆಳುದ್ದದ ಅಂತರ.

‘ಅವ್ವ ಮ್ಯಾಲೇ ಅವ್ಳೆ, ಯಾಕ್ ಇಳ್ದು ಬರಾಕಿಲ್ಲ?’

ಈ ಪ್ರಶ್ನೆಯನ್ನು ಕೊಕ್ಕರೆಬೆಳ್ಳೂರಿನ ಎಲ್ಲ ಮಕ್ಕಳೂ ಎಂದಾದರೊಮ್ಮೆ ಕೇಳಿರುತ್ತಾರೆ. ಗೂಡಿನಿಂದ ಬಿದ್ದ ಮರಿಗೆ ಈ ಹಕ್ಕಿಗಳು ಉಣಿಸುವುದಿಲ್ಲ. ಉಣಿಸುವ ಕ್ರಿಯೆ ಗೂಡಿಗೆ ಅಂಟಿಕೊಂಡಿದೆ. ಗೂಡಿನ ಆಚೆಗಿನ ಮರಿ ಅವುಗಳ ಲೆಕ್ಕಕ್ಕೆ ಬಾರದು. ಬಿದ್ದದ್ದು ನಾಯಿಯ ಪಾಲು, ಇಲ್ಲವೇ ಹಸಿವಿನ ಪಾಲು, ಮನುಷ್ಯರು ನಡುವೆ ಬರದಿದ್ದರೆ.

ಬಂದರು. ಮೊದಲು ಬಂದದ್ದು ಮಕ್ಕಳು. ಒಬ್ಬ ಓಡಿ ಹೋಗಿ ಎತ್ತಿಕೊಂಡು ಎದೆಗವಚಲು ನೋಡಿದ. ಮರಿ ಕೊಕ್ಕು ಕುಟ್ಟಿತು, ತಿಂದಿದ್ದ ಮೀನನ್ನೆಲ್ಲ ಕಕ್ಕಿತು. ಅದಕ್ಕೆ ಹೊಟ್ಟೆನೋವು ಅಂದುಕೊಂಡು ಹುಡುಗ ಇನ್ನಷ್ಟು ಸವರಿದ. ಆಗ ಅವನಿಗಿಂತ ಸ್ವಲ್ಪ ದೊಡ್ಡವಳು, ‘ಸುಮ್ಕಿರ್ಲಾ, ಮುಟ್ಬ್ಯಾಡ. ಹೆದರ್ಕಂಡದೆ’ ಎಂದಳು. ಹೆದರಿದ ಕೊಕ್ಕರೆ ಮರಿ ಹೊಟ್ಟೆಯಲ್ಲಿದ್ದುದನ್ನು ಹೊರಹಾಕುತ್ತದೆ ಎಂಬುದನ್ನು ಅವಳು ಯಾವ ಪುಸ್ತಕದಿಂದಲೂ ತಿಳಿದಿರಲಿಲ್ಲ. ಮೂವರು ಸುತ್ತ ಕೂತರು, ಮರಿಗೆ ನೆರಳಾಗುವಂತೆ, ಆದರೆ ಕೈಗೆ ಸಿಗದಷ್ಟು ದೂರ. ಒಬ್ಬ ನಾಯಿ ಅಟ್ಟಲು ನಿಂತ. ಇನ್ನೊಬ್ಬ ಬಳಗದವರನ್ನು ಕರೆಯಲು ಓಡಿದ.

ಬಳಗದ ಹಿರಿಯರೊಬ್ಬರು ಬುಟ್ಟಿ ತಂದರು. ಮೈಮೇಲೆ ಬಟ್ಟೆ ಮುಚ್ಚಿ, ರೆಕ್ಕೆ ಮಡಿಸಿ ಹಿಡಿದು ಎತ್ತಿದರು. ಬಾಯಿಗೆ ನೀರು ಸುರಿಯಬಾರದು, ಉಸಿರು ಕಟ್ಟುತ್ತದೆ ಎಂದು ಮಕ್ಕಳಿಗೆ ಹೇಳುತ್ತ ಹೋದರು. ಬಿದ್ದ ಮರಿಗಳಿಗೆಂದು ಊರಿನಲ್ಲಿ ತಂತಿಬೇಲಿಯ ಆವರಣವಿದೆ. ಅಲ್ಲಿ ಮೀನು ಕೊಟ್ಟು, ಹಾರುವ ಶಕ್ತಿ ಬರುವವರೆಗೆ ಸಾಕಿ, ಬಿಡುತ್ತಾರೆ. ಮೀನನ್ನು ತಲೆ ಮುಂದಾಗಿ ಕೊಡಬೇಕು, ಬಾಲದ ಕಡೆಯಿಂದ ಹೋದರೆ ರೆಕ್ಕೆಮುಳ್ಳು ಗಂಟಲಿಗೆ ಚುಚ್ಚುತ್ತದೆ. ಹೆಸರಿಟ್ಟು ಮುದ್ದಾಡುವುದಿಲ್ಲ. ಮನುಷ್ಯರಿಗೆ ಒಗ್ಗಿಹೋದ ಹಕ್ಕಿ ಕೆರೆಯಲ್ಲಿ ಬದುಕಲಾರದು.

ಇಲ್ಲಿ ಮಕ್ಕಳು ಕಲಿತದ್ದನ್ನು ಒಂದೊಂದಾಗಿ ಎಣಿಸಿ ನೋಡಿದೆ. ಪ್ರೀತಿ ತೋರಿಸುವ ಕೈ ಭಯ ಹುಟ್ಟಿಸಬಹುದು. ದೂರ ಕೂರುವುದೂ ನೆರವೇ. ಗೊತ್ತಿಲ್ಲದಾಗ ಗೊತ್ತಿದ್ದವರನ್ನು ಕರೆಯಬೇಕು. ಉಳಿಸಿದ್ದನ್ನು ಇಟ್ಟುಕೊಳ್ಳದೆ ಬಿಟ್ಟುಕೊಡಬೇಕು. ಒಂದು ಬೆಳಗಿನಲ್ಲಿ, ಒಂದು ಬೇಲಿಯ ಪಕ್ಕದಲ್ಲಿ ಇಷ್ಟು ಕಲಿಸುವ ಪಠ್ಯ ನನಗೆ ಗೊತ್ತಿಲ್ಲ.

ಸಾವು ಬಂದ ಚಳಿಗಾಲ

2017ರ ಡಿಸೆಂಬರಿನಿಂದ 2018ರ ಮೊದಲ ತಿಂಗಳುಗಳವರೆಗೆ ಕೊಕ್ಕರೆಬೆಳ್ಳೂರಿನಲ್ಲಿ ಬೆಳೆದ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಸಂಖ್ಯೆ 40 ದಾಟಿತು. ಕೂತ ಕೊಂಬೆಯಿಂದಲೇ ಉರುಳುತ್ತಿದ್ದವು. ಹಕ್ಕಿಜ್ವರವಿರಬಹುದೇ ಎಂಬ ಭಯ ಮೊದಲು ಹುಟ್ಟಿತು. ಪಶುವೈದ್ಯರ ಪರೀಕ್ಷೆಯಲ್ಲಿ ಸತ್ತ ಹಕ್ಕಿಗಳ ಹೊಟ್ಟೆಯಲ್ಲಿ ಕಂಡದ್ದು ವಿಪರೀತ ಸಂಖ್ಯೆಯ ದುಂಡುಹುಳುಗಳು. ಈ ಹುಳುಗಳ ಬದುಕು ಒಂದು ಸುತ್ತು: ಹಕ್ಕಿಯ ಹಿಕ್ಕೆಯಿಂದ ನೀರಿಗೆ, ನೀರಿನ ಸೂಕ್ಷ್ಮ ಜೀವಿಗೆ, ಅದನ್ನು ತಿಂದ ಮೀನಿಗೆ, ಮೀನು ತಿಂದ ಹಕ್ಕಿಗೆ. ತಿಳಿದವರು ಸುತ್ತಲಿನ ಕೆರೆಗಳ ಕೊಳಕಿನ ಕಡೆ ಬೊಟ್ಟು ಮಾಡಿದರು.

ಮಕ್ಕಳಿಗೆ ಇದನ್ನು ಹೇಳಬೇಕೆ ಎಂಬ ಅನುಮಾನ ಯಾರಿಗಾದರೂ ಬರುವಂಥದ್ದು. ಊರಿನಲ್ಲಿ ಮುಚ್ಚಿಡುವ ಅವಕಾಶವೇ ಇರಲಿಲ್ಲ. ಹಕ್ಕಿ ಬೀಳುತ್ತಿದ್ದದ್ದು ಅವರ ಅಂಗಳಕ್ಕೆ. ಕಾಯಿಲೆ ಬಿದ್ದ ಹಕ್ಕಿಯನ್ನು ಮುಟ್ಟಬೇಡಿ, ಕಂಡ ಕೂಡಲೇ ಹೇಳಿ, ಕೈ ತೊಳೆಯಿರಿ, ಇಷ್ಟು ಹಿರಿಯರು ಹೇಳಿದರು. ಉಳಿದ ಪ್ರಶ್ನೆಗಳಿಗೆ ಇದ್ದದ್ದನ್ನು ಇದ್ದಹಾಗೆ ಉತ್ತರಿಸಿದರು. ಸಾವಿನ ಸುದ್ದಿಯನ್ನು ಕೇಳಿಸಿಕೊಂಡ ಮಕ್ಕಳು ಅಲ್ಲಿಗೇ ನಿಲ್ಲಲಿಲ್ಲ. ‘ಕೆರೆ ತೊಳೆಯಾಕ್ ಆಗಲ್ವಾ?’ ಎಂದು ಕೇಳಿದರು. ದುಃಖಕ್ಕೆ ಕಾರಣ ತಿಳಿದಾಗ ಅದು ಪ್ರಶ್ನೆಯಾಗುತ್ತದೆ, ಪ್ರಶ್ನೆ ಕೆಲಸ ಹುಡುಕುತ್ತದೆ. ಕಾರಣ ತಿಳಿಯದ ದುಃಖ ಬರೀ ಹೆದರಿಕೆಯಾಗಿ ಉಳಿದುಬಿಡುತ್ತದೆ. ಕಷ್ಟಕಾಲದಲ್ಲಿ ಮಕ್ಕಳಿಂದ ಸತ್ಯವನ್ನು ಬಚ್ಚಿಡುವವರು ಇದನ್ನು ಗಮನಿಸಬೇಕು.

ಶಾಲೆ ಮುಚ್ಚಿದ ದಿನಗಳು

2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಶಾಲೆಗಳು ಮುಚ್ಚಿದವು. ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ತರಗತಿಗೆ ಕಾಲಿಟ್ಟದ್ದು 2021ರ ಅಕ್ಟೋಬರ್ 25ರಂದು. ನಡುವೆ 2020ರ ಆಗಸ್ಟಿನಲ್ಲಿ ‘ವಿದ್ಯಾಗಮ’ ಶುರುವಾಯಿತು. ಗುಡಿಯ ಜಗಲಿ, ಅರಳಿಕಟ್ಟೆ, ಮರದ ನೆರಳಿನಲ್ಲಿ ಮೇಷ್ಟ್ರುಗಳು ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು.

ನನಗೆ ಪರಿಚಯದ ಮೇಷ್ಟ್ರೊಬ್ಬರು ಆ ಎರಡು ತಿಂಗಳನ್ನು ಬಾವಿಯ ಪಕ್ಕದ ಜಾಲಿಮರವೊಂದರ ಬಳಿ ಕಳೆದರು. ಆಗಸ್ಟ್ ಗೀಜಗಗಳ ಕಾಲ. ಗಂಡು ಹುಲ್ಲೆಳೆ ಸೀಳಿ ತಂದು ನೇಯುತ್ತದೆ. ಅರ್ಧ ನೇಯ್ದ ಮೇಲೆ ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸುತ್ತದೆ. ಒಪ್ಪಿಗೆಯಾಗದಿದ್ದರೆ ಆ ಗೂಡು ಹಾಗೆಯೇ ನೇತಾಡಿಕೊಂಡು ಉಳಿಯುತ್ತದೆ, ಗಂಡು ಇನ್ನೊಂದನ್ನು ಶುರುಮಾಡುತ್ತದೆ. ಮೇಷ್ಟ್ರು ಮಕ್ಕಳ ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಸಿದ್ದರು. ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಅನ್ನಿಸಿದ್ದು’. ಹೆಣ್ಣು ಬಂತು, ಒಳಗೆ ಹೋಯಿತು, ಹಾರಿಹೋಯಿತು: ಇದು ಕಂಡದ್ದು. ಗಂಡಿಗೆ ಬೇಜಾರಾಗಿದೆ: ಇದು ಅನ್ನಿಸಿದ್ದು. ಎರಡನ್ನೂ ಬರೆಯಿರಿ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯಬೇಡಿ ಎಂಬುದೊಂದೇ ಕಟ್ಟಳೆ.

ಶಾಲೆ ತೆರೆದಾಗ ಕೆಲವು ಮಕ್ಕಳು ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡು ಬಂದಿದ್ದರು. ಒಬ್ಬ ಹುಡುಗ ಯಾರೊಡನೆಯೂ ಮಾತಾಡದೆ, ಬಿಸಿಯೂಟದ ತಟ್ಟೆ ಹಿಡಿದು ಒಬ್ಬನೇ ಕೂರುತ್ತಿದ್ದ. ‘ಅವನಿಗೆ ಜಂಭ’ ಎಂದಿತು ತರಗತಿ. ಮೇಷ್ಟ್ರು ಬೈಯಲಿಲ್ಲ. ಅದು ಕಂಡದ್ದೋ ಅನ್ನಿಸಿದ್ದೋ ಎಂದಷ್ಟೇ ಕೇಳಿದರು. ಮಕ್ಕಳಿಗೆ ಹಳೆಯ ಗೆರೆ ನೆನಪಾಯಿತು. ಕಂಡದ್ದು, ಒಬ್ಬನೇ ಕೂರುತ್ತಾನೆ. ಅನ್ನಿಸಿದ್ದು, ಜಂಭ. ಆಗ ಮೇಷ್ಟ್ರು ಮೂರನೆಯ ಸಾಲು ಸೇರಿಸಿದರು: ‘ಕೇಳಿ ತಿಳಿದದ್ದು’. ಗೀಜಗವನ್ನು ಕೇಳಲು ಬರುವುದಿಲ್ಲ, ಗೆಳೆಯನನ್ನು ಕೇಳಬಹುದು. ಒಬ್ಬಳು ಹೋಗಿ ಕೇಳಿದಳು. ಅವನು ಹೇಳಿದ್ದು, ಮಾತು ಬೇಡ, ಆದರೆ ಪಕ್ಕದಲ್ಲಿ ಕೂತರೆ ಬೇಡ ಅನ್ನುವುದಿಲ್ಲ ಅಂತ. ಅಂದಿನಿಂದ ಅವನ ಪಕ್ಕ ಸರದಿಯ ಮೇಲೆ ಒಬ್ಬರಾದರೂ ಕೂತು ಉಂಡರು, ಮಾತಾಡದೆ.

ಅವಸರದಲ್ಲಿ ಎತ್ತಿ ಅಪ್ಪಿಕೊಳ್ಳದೆ, ಬಿಟ್ಟೂ ಹೋಗದೆ, ನೆರಳಾಗುವಷ್ಟು ಹತ್ತಿರ ಕೂರುವುದನ್ನು ಈ ಮಕ್ಕಳು ಕಲಿತಿದ್ದರು. ಕೊಕ್ಕರೆಬೆಳ್ಳೂರಿನ ಬೇಲಿಯ ಬಳಿ ನಾನು ಕಂಡದ್ದೂ ಇದನ್ನೇ.

ಮೇಷ್ಟ್ರುಗಳಿಗೆ, ಮನೆಯವರಿಗೆ

ಕಷ್ಟದ ಕಾಲ ಮೊದಲು ಕಿತ್ತುಕೊಳ್ಳುವುದು ಒಡನಾಟವನ್ನು. ಬರ ಬಂದರೆ ಕುಟುಂಬ ಗುಳೆ ಹೋಗುತ್ತದೆ, ರೋಗ ಬಂದರೆ ಬಾಗಿಲು ಹಾಕುತ್ತದೆ, ಭಯ ಬಂದರೆ ಬೇರೆ ಬೀದಿಯವರು ಅಪರಿಚಿತರಾಗುತ್ತಾರೆ. ಪರಿಚಯವಿಲ್ಲದಲ್ಲಿ ಅನುಕಂಪ ಹುಟ್ಟುವುದು ಕಷ್ಟ. ಆದ್ದರಿಂದಲೇ ಇಂಥ ಕಾಲದಲ್ಲಿ ಇದನ್ನು ಪುರುಸೊತ್ತಿನ ಪಾಠವೆಂದು ಮುಂದೂಡಬಾರದು.

ಇದಕ್ಕೆ ಹೆಜ್ಜಾರ್ಲೆಯೇ ಬೇಕಿಲ್ಲ. ಶಾಲೆಯ ಅಂಗಳದ ಒಂದು ಹೊಂಗೆ, ಹೆಂಚಿನ ಸಂದಿಯ ಗುಬ್ಬಿಗೂಡು, ಗೋಡೆ ಬಿರುಕಿನ ಇರುವೆ ಸಾಲು, ಯಾವುದಾದರೂ ಆದೀತು. ಆದರೆ ಒಂದನ್ನೇ ಹಿಡಿಯಿರಿ, ವರ್ಷಪೂರ್ತಿ ಹಿಡಿಯಿರಿ. ಕಂಡದ್ದನ್ನೂ ಅನ್ನಿಸಿದ್ದನ್ನೂ ಬೇರೆ ಬೇರೆ ಬರೆಸಿ. ಪ್ರತಿ ಮಗುವಿಗೂ ಅದರ ಅಳತೆಯ ಒಂದು ಹೊಣೆ ಕೊಡಿ, ಬೇಸಿಗೆಯಲ್ಲಿ ನೀರಿನ ತಟ್ಟೆ ತುಂಬಿಸುವಷ್ಟಾದರೂ. ಗೂಡಿನಿಂದ ಮರಿ ಬಿದ್ದರೆ ಮನೆಗೆ ಒಯ್ದು ಸಾಕಲು ಬಿಡಬೇಡಿ. ಕಾಡುಹಕ್ಕಿಯನ್ನು ಇಟ್ಟುಕೊಳ್ಳುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುವುದಿಲ್ಲ. ಅರಣ್ಯ ಇಲಾಖೆಗೆ ತಿಳಿಸಿ, ಅವರು ಬರುವವರೆಗೆ ನೆರಳು ಮಾಡಿ ಕಾಯುವುದನ್ನು ಕಲಿಸಿ. ಸತ್ತರೆ ಸತ್ತಿತು ಎಂದೇ ಹೇಳಿ, ಯಾಕೆ ಎಂದು ಮಕ್ಕಳೊಡನೆ ಹುಡುಕಿ.

ಅನುಕಂಪದ ಪಾಠ ಓದಿಸುವ ಮೊದಲು ವಾರಕ್ಕೆ ಅರ್ಧ ಗಂಟೆ ಮಕ್ಕಳನ್ನು ಒಂದು ಮರದ ಕೆಳಗೆ ಸುಮ್ಮನೆ ಕೂರಿಸಿ. ಅವರ ಜೊತೆ ನೀವೂ ಕೂರಿ.